ಚಾನ್, ತಾನ್, ಚೆನ್: ಮನೆತನದ ಬೇರು ಹುಡುಕುವ ಬಗೆ

ಮೊದಲು ಇಂಗ್ಲಿಷ್ ಸ್ಪೆಲ್ಲಿಂಗ್ ಮರೆತುಬಿಡಿ. ಮುಂಬೈಯ ಮಜಗಾಂವ್‌ನಲ್ಲಿ ನಮ್ಮ ಪಕ್ಕದ ಮನೆಯ ಚಾನ್ ಅಂಕಲ್, ಸಿಂಗಪುರದ ತಾನ್, ಬೀಜಿಂಗ್‌ನ ಚೆನ್, ಮೂವರ ಮನೆತನದ ಹೆಸರಿಗೂ ಒಂದೇ ಚೀನೀ ಅಕ್ಷರ. ಉಚ್ಚಾರ ಮಾತ್ರ ಬೇರೆ ಬೇರೆ ಚೀನೀ ನುಡಿಗಳದು: ಕ್ರಮವಾಗಿ ಕ್ಯಾಂಟನೀಸ್, ಹೊಕ್ಕಿಯನ್, ಮ್ಯಾಂಡರಿನ್. ಅಕ್ಷರವನ್ನೇ ಬರೆಸಿಕೊಳ್ಳಿ. ಅಂಕಲ್ ನನಗೆ ಹಾಲಿನ ಬಿಲ್ಲಿನ ಹಿಂದೆ ಬರೆದುಕೊಟ್ಟರು: ಎಡಕ್ಕೆ ಕಿವಿಯಾಕಾರದ ಗೆರೆ, ಬಲಕ್ಕೆ 'ಪೂರ್ವ' ಎನ್ನುವ ಅಕ್ಷರ.

ಈ ಹೆಸರು ಮುಖ್ಯವಾಗಿ ಬಂದದ್ದು ಇಂದಿನ ಹೆನಾನ್ ಪ್ರಾಂತ್ಯದ ಹುವಾಯ್‌ಯಾಂಗ್‌ನಲ್ಲಿದ್ದ ಚೆನ್ ರಾಜ್ಯದಿಂದ. ಚು ರಾಜ್ಯ ಅದನ್ನು ನುಂಗಿದ ಮೇಲೆ ವಂಶಸ್ಥರು ರಾಜ್ಯದ ಹೆಸರನ್ನೇ ಇಟ್ಟುಕೊಂಡರು. ತಾಂಗ್ ರಾಜವಂಶದ ಕಾಲದಲ್ಲಿ ಸೇನಾನಿ ಚೆನ್ ಯುವಾನ್‌ಗುವಾಂಗ್ ಫುಜಿಯಾನ್‌ನಲ್ಲಿ ನೆಲೆಯೂರಿದ; 686ರಲ್ಲಿ ಅಲ್ಲಿ ಜಾಂಗ್‌ಜೌ ಎಂಬ ಸೀಮೆ ಹುಟ್ಟಿತು. ಮುಂದೆ ಆ ಕರಾವಳಿಯಿಂದ ಹಡಗೇರಿದವರು ಆಗ್ನೇಯ ಏಷ್ಯಾ ಸೇರಿದರು.

ಆಮೇಲೆ, ನಮ್ಮ ಉಡುಪಿಯವರು ಕೇಳುವ ಹಾಗೆ, ಊರು ಯಾವುದೆಂದು ಕೇಳಿ. ಕೋಟಿಗಟ್ಟಲೆ ಜನರಿಗಿರುವ ಹೆಸರಿದು. ಊರು ಗೊತ್ತಿಲ್ಲದೆ ದಾರಿ ಸಿಗದು. ಹಿರಿಯರ ಗೋರಿಕಲ್ಲಿನ ಮೇಲೆ ಹೆಚ್ಚಾಗಿ ಹಳ್ಳಿಯ ಹೆಸರು ಕೆತ್ತಿರುತ್ತಾರೆ, ಫೋಟೊ ತೆಗೆಯಿರಿ. ಮಜಗಾಂವ್‌ನ ಸೀ ಯಪ್ ಕೂನ್ ಗುಡಿಯ ಹೆಸರಿನಲ್ಲೇ ಊರಿನ ಸುಳಿವಿದೆ. 'ಸೀ ಯಪ್' ಎಂದರೆ ಗುವಾಂಗ್‌ಡಾಂಗ್ ಪ್ರಾಂತ್ಯದ ನಾಲ್ಕು ಸೀಮೆಗಳು: ತೈಶಾನ್, ಕೈಪಿಂಗ್, ಶಿನ್‌ಹುಯಿ, ಎನ್‌ಪಿಂಗ್.

ಊರು ಸಿಕ್ಕರೆ ಅಲ್ಲಿನ ವಂಶಾವಳಿ ಪುಸ್ತಕ ವಿಚಾರಿಸಿ. ಅನೇಕ ಮನೆತನಗಳಲ್ಲಿ ತಲೆಮಾರಿಗೊಂದು ಅಕ್ಷರ ಗೊತ್ತುಮಾಡಿರುತ್ತಾರೆ. ಅಜ್ಜನ ಹೆಸರಿನಲ್ಲಿ ಅದನ್ನು ಹುಡುಕಿ. ಹಳೆಯ ಪುಸ್ತಕಗಳಲ್ಲಿ ಹೆಣ್ಣುಮಕ್ಕಳ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಅದು ನನಗೆ ಸಂಕಟದ ವಿಷಯ. ಅಜ್ಜಿಯಂದಿರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ.