ಚೀಟಿ ಅಂಟಿಸಿದ ಯಂತ್ರ: ವಿಶ್ವವಿದ್ಯಾಲಯದ ಗಣಕ ಸೇವೆಗಳನ್ನು ಹೊಸದಾಗಿಸುವ ಬಗೆ

ಪರೀಕ್ಷಾ ವಿಭಾಗದ ಮೂಲೆಯ ಮೇಜಿನ ಕೆಳಗೆ ಒಂದು ಹಳೆಯ ಗಣಕಯಂತ್ರವಿತ್ತು. ಅದರ ಗುಂಡಿಯ ಮೇಲೆ ಚೀಟಿ ಅಂಟಿಸಿ, ನೀಲಿ ಶಾಯಿಯಲ್ಲಿ 'ದಯವಿಟ್ಟು ಆರಿಸಬೇಡಿ' ಎಂದು ಬರೆದಿದ್ದರು. ಬರೆದವರು ನಿವೃತ್ತರಾಗಿ ಆರು ವರ್ಷ ಕಳೆದಿತ್ತು. ಅದು ಏನು ಮಾಡುತ್ತದೆ ಎಂದು ಕೇಳಿದರೆ ವಿಭಾಗದಲ್ಲಿ ಯಾರಿಗೂ ಪೂರ್ತಿ ಗೊತ್ತಿರಲಿಲ್ಲ. ಆರಿಸಿದರೆ ಏನೋ ನಿಂತುಹೋಗುತ್ತದೆ ಎಂಬುದಷ್ಟೇ ಗೊತ್ತಿತ್ತು. ವಿಶ್ವವಿದ್ಯಾಲಯದ ಐದು ವರ್ಷಗಳ ಗಣಕ ಯೋಜನೆಯ ಕರಡಿನಲ್ಲಿ ಹೊಸ ಸರ್ವರ್‌ಗಳ ಪಟ್ಟಿ, ವೈ-ಫೈ ನಕ್ಷೆ, ಹೊಸ ತಂತ್ರಾಂಶದ ವಿವರ ಎಲ್ಲವೂ ಇದ್ದವು. ಈ ಯಂತ್ರ ಮಾತ್ರ ಇರಲಿಲ್ಲ. ಕರಡು ಸಿದ್ಧಪಡಿಸಿದವರಲ್ಲಿ ನಾನೂ ಒಬ್ಬನಾಗಿದ್ದೆ.

ಇಪ್ಪತ್ತೆರಡು ವರ್ಷ ವಿಶ್ವವಿದ್ಯಾಲಯದ ಗಣಕ ಕೇಂದ್ರದಲ್ಲಿ ದುಡಿದಿದ್ದೇನೆ. ಇಡೀ ವ್ಯವಸ್ಥೆಯನ್ನು ಹೊಸದಾಗಿಸುವ ಕೆಲಸದಲ್ಲಿ ಮೂರು ಸಲ ಭಾಗಿಯಾಗಿದ್ದೇನೆ. ಇದಕ್ಕೆ ಕೈಹಾಕುವವರಿಗೆ ಮೊದಲು ಹೇಳಬೇಕಾದದ್ದು ಒಂದೇ: ಏನನ್ನು ಕೊಳ್ಳಬೇಕು ಎಂದು ಯೋಚಿಸುವ ಮುನ್ನ, ಈಗ ಇರುವುದನ್ನು ಹೇಗೆ ನಿಲ್ಲಿಸುತ್ತೀರಿ ಎಂದು ಬರೆಯಿರಿ. ನಿಲ್ಲಿಸುವ ದಾರಿ ಬರೆಯಲು ಕುಳಿತರೆ ಅದನ್ನು ಯಾರು, ಯಾಕೆ, ವರ್ಷದ ಯಾವ ದಿನ ಬಳಸುತ್ತಾರೆ ಎಂಬುದೆಲ್ಲ ಹೊರಗೆ ಬರುತ್ತದೆ. ಕೊಳ್ಳುವ ಪಟ್ಟಿ ಬರೆಯುವಾಗ ಅದು ಬರುವುದಿಲ್ಲ.

ಹಾಗಾಗಿ ಮೊದಲ ಎರಡು ತಿಂಗಳು ನಡೆದಾಟಕ್ಕೆ ಮೀಸಲಿಡಿ. ವಿಭಾಗಗಳಿಗೆ ಸುತ್ತೋಲೆ ಕಳಿಸಿ ನಮೂನೆ ತುಂಬಿಸಿಕೊಳ್ಳುವ ಪದ್ಧತಿಯನ್ನು ನಾನು ನಂಬುವುದಿಲ್ಲ. ಸುತ್ತೋಲೆಗೆ ಬರುವ ಉತ್ತರದಲ್ಲಿ ಎಷ್ಟು ಕಂಪ್ಯೂಟರ್, ಎಷ್ಟು ಪ್ರಿಂಟರ್ ಎಂದಿರುತ್ತದೆಯೇ ಹೊರತು ಕೆಲಸ ಇರುವುದಿಲ್ಲ. ಒಂದು ನೋಟ್‌ಬುಕ್ ಹಿಡಿದು ಹೋಗಿ. ಪ್ರವೇಶ ವಿಭಾಗದ ಕೌಂಟರಿನ ಒಳಬದಿಯಲ್ಲಿ, ಗುಮಾಸ್ತರ ಪಕ್ಕದಲ್ಲಿ ಅರ್ಧ ದಿನ ಕುಳಿತುಕೊಳ್ಳಿ. ಒಬ್ಬ ವಿದ್ಯಾರ್ಥಿಯ ಅರ್ಜಿಗೆ ಅವರು ಎಷ್ಟು ಪರದೆ ತೆರೆಯುತ್ತಾರೆ, ಒಂದೇ ಹೆಸರನ್ನು ಎಷ್ಟು ಸಲ ಬೆರಳಚ್ಚು ಮಾಡುತ್ತಾರೆ, ಯಾವ ಹಂತದಲ್ಲಿ ತಂತ್ರಾಂಶವನ್ನು ಬಿಟ್ಟು ಕಾಗದದ ರಿಜಿಸ್ಟರಿಗೆ ತಿರುಗುತ್ತಾರೆ ಎಂದು ಎಣಿಸಿ. ಕಾಗದಕ್ಕೆ ತಿರುಗುವ ಆ ಹಂತವೇ ನಿಮ್ಮ ಯೋಜನೆಗೆ ಬೇಕಾದ ಮಾಹಿತಿ.

ನಾನು ಪ್ರತಿ ಸೇವೆಗೂ ಐದು ಸಂಗತಿ ಬರೆದುಕೊಳ್ಳುತ್ತೇನೆ. ಅದು ಮಾಡುವ ಕೆಲಸ, ಬಳಸುವವರು, ಕೆಟ್ಟರೆ ಸರಿಪಡಿಸಬಲ್ಲ ವ್ಯಕ್ತಿ, ನಿಂತರೆ ಎಷ್ಟು ಹೊತ್ತಿನಲ್ಲಿ ಯಾರಿಗೆ ಪೆಟ್ಟು ಬೀಳುತ್ತದೆ ಎಂಬುದು, ತಯಾರಕರ ಬೆಂಬಲ ಮುಗಿಯುವ ದಿನ. ಮೂರನೆಯದಕ್ಕೆ ಒಬ್ಬರದೇ ಹೆಸರು ಇದ್ದರೆ ಕೆಂಪು ಗೆರೆ ಎಳೆಯಿರಿ. ಐದನೆಯದನ್ನು ಊಹಿಸಬೇಕಿಲ್ಲ, ದಿನಾಂಕಗಳು ಬಹಿರಂಗವಾಗಿಯೇ ಇವೆ: ಗಣಕಗಳನ್ನು ನಡೆಸುವ ಮೂಲ ತಂತ್ರಾಂಶಗಳಲ್ಲಿ ವಿಂಡೋಸ್ ಸರ್ವರ್ 2012ಕ್ಕೆ ಹೆಚ್ಚುವರಿ ಹಣ ತೆರದೆ ಸಿಗುವ ಬೆಂಬಲ 2023ರ ಅಕ್ಟೋಬರ್ 10ಕ್ಕೆ, ಸೆಂಟ್‌ಓಎಸ್ 7ರದು 2024ರ ಜೂನ್ 30ಕ್ಕೆ, ವಿಂಡೋಸ್ 10ರದು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇವು ನಿಮ್ಮ ಪಟ್ಟಿಯಲ್ಲಿ ಇನ್ನೂ ಇದ್ದರೆ ಯೋಜನೆಯ ಮೊದಲ ವರ್ಷದ ಕೆಲಸ ಯಾವುದು ಎಂಬ ಚರ್ಚೆಯೇ ಬೇಡ.

ಚೀಟಿಯ ಯಂತ್ರದ ವಿಷಯದಲ್ಲಿ ನಾವು ಮಾಡಿದ ಒಳ್ಳೆಯ ಕೆಲಸವೆಂದರೆ ನಿವೃತ್ತರಾದ ಆ ಹಿರಿಯರಿಗೆ ಫೋನ್ ಮಾಡಿದ್ದು. 'ಸರ್, ನಿಮ್ಮ ಯಂತ್ರ ಇನ್ನೂ ಓಡುತ್ತಿದೆ' ಎಂದೆ. ಮರುದಿನವೇ ಬಂದರು. ಎರಡು ಮಧ್ಯಾಹ್ನ ಕುಳಿತು ವಿವರಿಸಿದರು. ಪ್ರತಿ ರಾತ್ರಿ ಅದು ಫಲಿತಾಂಶದ ದತ್ತಾಂಶದಿಂದ ಅಂಕಗಳನ್ನು ಎತ್ತಿಕೊಂಡು, ಹಳೆಯ ಪಠ್ಯಕ್ರಮದಲ್ಲಿ ಓದಿ ಈಗ ಮರುಪರೀಕ್ಷೆ ಬರೆಯುತ್ತಿರುವವರ ಅಂಕಗಳನ್ನು ಹೊಸ ಶ್ರೇಣಿಗೆ ಪರಿವರ್ತಿಸಿ, ಪದವಿ ಪ್ರಮಾಣಪತ್ರ ಮುದ್ರಿಸುವ ಕಡತವನ್ನು ಸಿದ್ಧಪಡಿಸುತ್ತಿತ್ತು. ಆ ಪರಿವರ್ತನೆಯ ನಿಯಮ ಬೇರೆಲ್ಲಿಯೂ ಬರಹದಲ್ಲಿ ಇರಲಿಲ್ಲ. ಯಂತ್ರವನ್ನು ಆರಿಸಿದ್ದರೆ ಘಟಿಕೋತ್ಸವದ ಹಿಂದಿನ ವಾರ ಕೆಲವು ನೂರು ಮಂದಿಯ ಪದವಿ ನಿಲ್ಲುತ್ತಿತ್ತು.

ಪಟ್ಟಿ ಆದ ಮೇಲೆ ವರ್ಷದ ಪಂಚಾಂಗ. ವಿಶ್ವವಿದ್ಯಾಲಯಕ್ಕೆ ತನ್ನದೇ ಋತುಗಳಿವೆ: ಪ್ರವೇಶ, ಪರೀಕ್ಷೆ, ಫಲಿತಾಂಶ, ಘಟಿಕೋತ್ಸವ. ಈ ವಾರಗಳಲ್ಲಿ ಯಾವ ಸರ್ವರನ್ನೂ ಮುಟ್ಟುವುದಿಲ್ಲ ಎಂದು ಕುಲಸಚಿವರ ಸಹಿಯೊಂದಿಗೆ ಮೊದಲೇ ಪ್ರಕಟಿಸಿಬಿಡಿ. ಉಳಿದ ವಾರಗಳನ್ನು ಎಣಿಸಿದಾಗ ಕೆಲಸಕ್ಕೆ ಸಿಗುವ ಕಾಲ ಎಷ್ಟು ಕಡಿಮೆ ಎಂದು ಕಣ್ಣಿಗೆ ಬೀಳುತ್ತದೆ. ಆಮೇಲೆ ಯಾರೂ 'ಎಲ್ಲವನ್ನೂ ಆರು ತಿಂಗಳಲ್ಲಿ' ಎನ್ನುವುದಿಲ್ಲ. ಫಲಿತಾಂಶದ ದಿನದ ದಟ್ಟಣೆಗೆ ಅಂಜಿ ದೊಡ್ಡ ಸರ್ವರ್ ಕೊಳ್ಳುವ ಮುನ್ನ ಒಂದು ಸರಳ ಉಪಾಯ ನೋಡಿ: ಪ್ರತಿಯೊಬ್ಬರ ಫಲಿತಾಂಶವನ್ನೂ ಹಿಂದಿನ ರಾತ್ರಿಯೇ ಸಿದ್ಧ ಪುಟವಾಗಿ ಮಾಡಿಟ್ಟುಕೊಳ್ಳಿ, ಲಾಗಿನ್ ಆದವರಿಗೆ ಅದನ್ನಷ್ಟೇ ಕೊಡಿ. ಹತ್ತು ಸಾವಿರ ಮಂದಿ ಒಟ್ಟಿಗೆ ಬಂದರೂ ಅಂಕಗಳ ದತ್ತಾಂಶವನ್ನು ಹತ್ತು ಸಾವಿರ ಸಲ ಕೆದಕಬೇಕಾಗುವುದಿಲ್ಲ.

ಈಗ ಎಲ್ಲಕ್ಕಿಂತ ಮುಖ್ಯವೆಂದು ನಾನು ನಂಬಿರುವ ಕೆಲಸಕ್ಕೆ ಬರುತ್ತೇನೆ. ಅದು ಒಬ್ಬ ವ್ಯಕ್ತಿಗೆ ಒಂದೇ ಗುರುತು ಕೊಡುವುದು. ಹೆಚ್ಚಿನ ಕಡೆ ಪ್ರವೇಶ ವಿಭಾಗಕ್ಕೆ ಒಂದು ಪಟ್ಟಿ, ಗ್ರಂಥಾಲಯಕ್ಕೆ ಒಂದು, ವಿದ್ಯಾರ್ಥಿನಿಲಯಕ್ಕೆ ಒಂದು, ವೈ-ಫೈಗೆ ಒಂದು, ಇಮೇಲ್‌ಗೆ ಇನ್ನೊಂದು. ಹೆಸರಿನಲ್ಲಿ ಒಂದಕ್ಷರ ತಪ್ಪಿದ್ದ ವಿದ್ಯಾರ್ಥಿನಿಯೊಬ್ಬಳು ಅದನ್ನು ಸರಿಪಡಿಸಿಕೊಳ್ಳಲು ಐದು ಕಚೇರಿ ಅಲೆದು, ನಾಲ್ಕರಲ್ಲಿ ಸರಿಯಾಗಿ, ಐದನೆಯದರಲ್ಲಿ ಉಳಿದುಕೊಂಡ ತಪ್ಪು ಪ್ರಮಾಣಪತ್ರದಲ್ಲಿ ಅಚ್ಚಾದದ್ದನ್ನು ಕಂಡಿದ್ದೇನೆ. ಆಕೆ ನನ್ನ ಮೇಜಿನ ಮುಂದೆ ನಿಂತು ಅತ್ತದ್ದು ನೆನಪಿದೆ. ಅಂತಹ ತಪ್ಪನ್ನು ಯಾವ ವೇಗದ ಸರ್ವರ್ ಕೂಡ ಸರಿಮಾಡುವುದಿಲ್ಲ.

ಇದಕ್ಕೆ ಮೊದಲು ಬೇಕಾದದ್ದು ತಂತ್ರಾಂಶವಲ್ಲ, ತೀರ್ಮಾನ. ವಿದ್ಯಾರ್ಥಿಯ ಹೆಸರಿನ ವಿಷಯದಲ್ಲಿ ಪ್ರವೇಶ ವಿಭಾಗದ ದಾಖಲೆಯೇ ಅಂತಿಮ, ನೌಕರರದ್ದು ಸಿಬ್ಬಂದಿ ವಿಭಾಗದಲ್ಲಿರುವುದೇ ಅಂತಿಮ ಎಂದು ಬರಹದಲ್ಲಿ ಒಪ್ಪಿಸಿಕೊಳ್ಳಿ. ಉಳಿದ ವ್ಯವಸ್ಥೆಗಳೆಲ್ಲ ಅಲ್ಲಿಂದಲೇ ಪಡೆಯಬೇಕು, ತಮ್ಮಲ್ಲಿ ತಿದ್ದುವಂತಿಲ್ಲ. ಗುರುತಿನ ಸಂಖ್ಯೆಯಲ್ಲಿ ವಿಭಾಗದ ಹೆಸರು, ಸೇರಿದ ವರ್ಷ ಇತ್ಯಾದಿ ಅರ್ಥಗಳನ್ನು ತುಂಬಬೇಡಿ. ವಿದ್ಯಾರ್ಥಿ ವಿಭಾಗ ಬದಲಿಸಿದ ದಿನ ಸಂಖ್ಯೆ ಸುಳ್ಳು ಹೇಳತೊಡಗುತ್ತದೆ. ಇಮೇಲ್ ವಿಳಾಸವನ್ನು ಗುರುತಾಗಿ ಬಳಸಬೇಡಿ, ಹೆಸರುಗಳು ಬದಲಾಗುತ್ತವೆ. ಬಿಟ್ಟುಹೋದವರ ಸಂಖ್ಯೆಯನ್ನು ಮತ್ತೊಬ್ಬರಿಗೆ ಎಂದಿಗೂ ಕೊಡಬೇಡಿ. ಒಬ್ಬರೇ ಅಧ್ಯಾಪಕರೂ ಪಿಎಚ್‌.ಡಿ. ವಿದ್ಯಾರ್ಥಿಯೂ ವಿದ್ಯಾರ್ಥಿನಿಲಯದ ಪಾಲಕರೂ ಆಗಿರಬಹುದು. ಅವರಿಗೆ ಒಂದೇ ಗುರುತು, ಮೂರು ಪಾತ್ರ. ಒಂದು ಪಾತ್ರ ಮುಗಿದರೆ ಅದರ ಹಕ್ಕು ಮಾತ್ರ ಹೋಗಬೇಕು.

ಈ ತಳಹದಿ ಗಟ್ಟಿಯಾದರೆ ಒಂದೇ ಲಾಗಿನ್‌ನಿಂದ ಎಲ್ಲ ಸೇವೆಗಳನ್ನೂ ತೆರೆಯುವ ವ್ಯವಸ್ಥೆ ಕಷ್ಟವಲ್ಲ. ಅದಕ್ಕೆ ಬೇಕಾದ ಎಸ್‌ಎಎಂಎಲ್ 2.0 ಮಾನದಂಡ 2005ರಿಂದ, ಓಪನ್‌ಐಡಿ ಕನೆಕ್ಟ್ 2014ರಿಂದ ಇವೆ. ಹೊಸದಾಗಿ ಯಾವ ತಂತ್ರಾಂಶ ಕೊಂಡರೂ ಇವುಗಳಲ್ಲಿ ಒಂದಕ್ಕಾದರೂ ಹೊಂದಿಕೊಳ್ಳಬೇಕು ಎಂಬ ಷರತ್ತನ್ನು ಟೆಂಡರಿನಲ್ಲಿ ಹಾಕಿ. ಎಜುರೋಮ್ ಜಾಲಕ್ಕೂ ಸೇರಿಕೊಳ್ಳಿ. 2002ರಲ್ಲಿ ಯುರೋಪಿನಲ್ಲಿ ಹುಟ್ಟಿದ ಈ ಕಲ್ಪನೆ ಈಗ ನೂರಕ್ಕೂ ಹೆಚ್ಚು ದೇಶಗಳಲ್ಲಿದೆ. ನಿಮ್ಮ ಅಧ್ಯಾಪಕರು ಇನ್ನೊಂದು ವಿಶ್ವವಿದ್ಯಾಲಯಕ್ಕೆ ಹೋದಾಗ ಅಲ್ಲಿನ ವೈ-ಫೈಗೆ ತಮ್ಮದೇ ಲಾಗಿನ್ ಬಳಸಬಹುದು. ಪಾಸ್‌ವರ್ಡನ್ನು ಮೂರು ತಿಂಗಳಿಗೊಮ್ಮೆ ಬದಲಿಸಿ ಎಂಬ ಹಳೆಯ ನಿಯಮವನ್ನು ಕೈಬಿಡಿ. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಅವಧಿಗೊಮ್ಮೆ ಬಲವಂತವಾಗಿ ಬದಲಿಸುವುದು ಬೇಡ ಎಂದಿದೆ. ಉದ್ದದ ಪಾಸ್‌ವರ್ಡ್, ಅದರ ಜೊತೆಗೆ ಮೊಬೈಲಿನಲ್ಲಿ ಎರಡನೆಯ ದೃಢೀಕರಣ ಸಾಕು.

ಹಳೆಯ ದತ್ತಾಂಶವನ್ನು ಹೊಸದಕ್ಕೆ ಸಾಗಿಸುವಾಗ ಹೆಸರುಗಳ ಮೇಲೆ ವಿಶೇಷ ಕಣ್ಣಿರಲಿ. ಪ್ರತಿ ಅಕ್ಷರಕ್ಕೂ ಒಂದು ನಿಗದಿತ ಸಂಖ್ಯೆ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡದ ಹೆಸರುಗಳನ್ನು ಅಕ್ಷರಗಳಾಗಿ ಅಲ್ಲ, ಫಾಂಟಿನ ಆಕಾರದ ತುಣುಕುಗಳಾಗಿ ಉಳಿಸಿದ್ದರು. ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ವ್ಯಂಜನದ ನಂತರ ಇರುತ್ತಿತ್ತು. ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ನಮ್ಮ ಮೊದಲ ಪ್ರಯೋಗದಲ್ಲಿ ಕೀರ್ತಿ ಎಂಬ ಹೆಸರು 'ಕೀತಿ' ಆಗಿ, ಅದರ ಬಾಲಕ್ಕೆ ಯಾವುದೋ ಪರದೇಶಿ ಚಿಹ್ನೆ ಅಂಟಿಕೊಂಡಿತ್ತು. ಮೂರ್ತಿ, ಸೂರ್ಯ, ಪಾರ್ವತಿ ಎಲ್ಲರಿಗೂ ಅದೇ ಗತಿ. ಪರಿವರ್ತಿಸಿದ ಹೆಸರುಗಳನ್ನು ಕನ್ನಡ ಚೆನ್ನಾಗಿ ಬಲ್ಲ ಇಬ್ಬರು ಕೂತು ಓದಬೇಕು. ಈ ಕೆಲಸವನ್ನು ಯಂತ್ರಕ್ಕೇ ಪೂರ್ತಿ ಬಿಡಬೇಡಿ.

ಜಾಲದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಬಲ್ಲವರು ಬಹಳ ಮಂದಿ ಇದ್ದಾರೆ. ಎರಡು ಮಾತು ಸಾಕು. ಹೊಸ ವೈ-ಫೈ ಪೆಟ್ಟಿಗೆಗಳಿಗೆ ವಿದ್ಯುತ್ತು ಜಾಲದ ಕೇಬಲಿನಲ್ಲೇ, ಆ ಕೇಬಲುಗಳೆಲ್ಲ ಬಂದು ಸೇರುವ ಸ್ವಿಚ್ ಎಂಬ ಉಪಕರಣದಿಂದ ಬರುತ್ತದೆ. ಹಳೆಯ ಸ್ವಿಚ್ ಒಂದು ಪೋರ್ಟಿಗೆ 15.4 ವ್ಯಾಟ್ ಮಾತ್ರ ಕೊಡುವಂಥದ್ದಾಗಿದ್ದರೆ, 30 ವ್ಯಾಟ್ ಕೇಳುವ ಪೆಟ್ಟಿಗೆ ಅರ್ಧ ಶಕ್ತಿಯಲ್ಲಿ ಕುಂಟುತ್ತದೆ. ಇನ್ನೊಂದು, ಉಪನ್ಯಾಸ ಕೊಠಡಿಯಲ್ಲಿ ವೈ-ಫೈ ಪರೀಕ್ಷಿಸುವುದಾದರೆ ತರಗತಿ ತುಂಬಿರುವಾಗ ಪರೀಕ್ಷಿಸಿ. ಮನುಷ್ಯನ ಮೈ ರೇಡಿಯೋ ಅಲೆಗಳನ್ನು ಹೀರುತ್ತದೆ. ಖಾಲಿ ಕೊಠಡಿಯ ಅಳತೆಯನ್ನು ನಂಬಿ ಮೋಸಹೋದ ಕಟ್ಟಡಗಳು ಹಲವು.

ತಂತ್ರಾಂಶವನ್ನು ಕೊಳ್ಳಬೇಕೋ, ಬಾಡಿಗೆಗೆ ಪಡೆಯಬೇಕೋ, ಮುಕ್ತ ತಂತ್ರಾಂಶ ಬಳಸಬೇಕೋ ಎಂಬ ಪ್ರಶ್ನೆ ಪ್ರತಿ ಸಭೆಯಲ್ಲೂ ಬರುತ್ತದೆ. ಬೋಧನೆಗೆ ಮೂಡಲ್, ಗ್ರಂಥಾಲಯಕ್ಕೆ ಕೋಹಾ, ಪ್ರಬಂಧಗಳ ಭಂಡಾರಕ್ಕೆ ಡಿಸ್ಪೇಸ್, ಮೂರೂ ಇಪ್ಪತ್ತು ವರ್ಷ ದಾಟಿದ ಮುಕ್ತ ತಂತ್ರಾಂಶಗಳು. ನಾನು ಇವುಗಳ ಪರ. ಆದರೆ ಪರವಾನಗಿಗೆ ಉಳಿಸಿದ ಹಣವನ್ನು ನೋಡಿಕೊಳ್ಳುವ ಇಬ್ಬರ ಸಂಬಳಕ್ಕೆ ಇಡದಿದ್ದರೆ ಉಳಿತಾಯ ಉಳಿಯುವುದಿಲ್ಲ. ಬಾಡಿಗೆ ಸೇವೆಯಾದರೆ ಸಹಿ ಹಾಕುವ ಮೊದಲೇ ನಮ್ಮ ದತ್ತಾಂಶವನ್ನು ಹೊರಗೆ ತೆಗೆದು ತೋರಿಸಿ ಎಂದು ಕೇಳಿ. ಬಾಯಿಮಾತಿನ ಭರವಸೆ ಬೇಡ. ಕಡತ ನಿಮ್ಮ ಕೈಗೆ ಬರಲಿ, ಬೇರೆ ಯಂತ್ರದಲ್ಲಿ ತೆರೆದು ನೋಡಿ.

ಬ್ಯಾಕಪ್, ಅಂದರೆ ದತ್ತಾಂಶದ ಮೀಸಲು ಪ್ರತಿಯ ವಿಷಯದಲ್ಲಿ ಮಾತ್ರ ಯಾರ ಮಾತಿಗೂ ಬಗ್ಗಬೇಡಿ. ನೆದರ್‌ಲೆಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದಲ್ಲಿ 2019ರ ಅಕ್ಟೋಬರಿನಲ್ಲಿ ಮೋಸದ ಇಮೇಲ್ ಮೂಲಕ ಒಳಹೊಕ್ಕವರು ಎರಡು ತಿಂಗಳು ಸದ್ದಿಲ್ಲದೆ ಅಡ್ಡಾಡಿ, ಡಿಸೆಂಬರ್ 23ರಂದು 267 ಸರ್ವರ್‌ಗಳಿಗೆ ಬೀಗ ಜಡಿದರು. ಕೆಲವು ಬ್ಯಾಕಪ್‌ಗಳೂ ಅದೇ ಜಾಲದಲ್ಲಿದ್ದುದರಿಂದ ಅವಕ್ಕೂ ಬೀಗ ಬಿತ್ತು. ಕೊನೆಗೆ 30 ಬಿಟ್‌ಕಾಯಿನ್ ತೆತ್ತು ಬಿಡಿಸಿಕೊಂಡರು. ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದಲ್ಲಿ 2021ರ ಡಿಸೆಂಬರಿನಲ್ಲಿ ಕಳ್ಳರೇ ಬೇಕಾಗಲಿಲ್ಲ. ಓಡುತ್ತಿರುವಾಗಲೇ ಬದಲಾಯಿಸಿದ ಬ್ಯಾಕಪ್ ಸ್ಕ್ರಿಪ್ಟ್ (ಯಂತ್ರಕ್ಕೆ ಬರೆದಿಟ್ಟ ಆದೇಶಗಳ ಕಡತ) ಒಂದು ಹಳೆಯ ದಾಖಲೆಗಳ ಬದಲು ಸಂಶೋಧಕರ ಕಡತಗಳನ್ನೇ ಅಳಿಸಿತು. 77 ಟೆರಾಬೈಟ್, ಸುಮಾರು 3.4 ಕೋಟಿ ಕಡತಗಳು.

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಕಟ್ಟಡದಲ್ಲಿ ಎಂಬ ಹಳೆಯ ಸೂತ್ರ ಈಗಲೂ ಸರಿ. ಅದಕ್ಕೆ ಇನ್ನೊಂದನ್ನು ಸೇರಿಸಿ: ಒಂದು ಪ್ರತಿಗೆ ಜಾಲದ ಸಂಪರ್ಕವೇ ಇರಬಾರದು. ಮೂರು ತಿಂಗಳಿಗೊಮ್ಮೆ ಒಬ್ಬ ವಿದ್ಯಾರ್ಥಿಯ ಎರಡು ವರ್ಷ ಹಿಂದಿನ ಅಂಕಪಟ್ಟಿಯನ್ನು ಬ್ಯಾಕಪ್‌ನಿಂದ ಮರಳಿ ತೆಗೆದು, ಪರೀಕ್ಷಾ ವಿಭಾಗದ ಕಾಗದದ ಪ್ರತಿಯೊಂದಿಗೆ ಹೋಲಿಸಿ. ಎಷ್ಟು ಗಂಟೆ ಹಿಡಿಯಿತು ಎಂದು ಬರೆದಿಡಿ. ನಮ್ಮಲ್ಲಿ ಮೊದಲ ಸಲ ಇಡೀ ದಿನ ಹಿಡಿಯಿತು, ಏಕೆಂದರೆ ಟೇಪಿನ ಪಾಸ್‌ವರ್ಡ್ ಇದ್ದದ್ದು ರಜೆಯಲ್ಲಿದ್ದವರ ಡೈರಿಯಲ್ಲಿ.

ಕೊನೆಯದು ಬದಲಾವಣೆಯ ದಿನ. ಹೊಸ ವ್ಯವಸ್ಥೆಯನ್ನು ಮೊದಲು ಒಂದು ವಿಭಾಗದಲ್ಲಿ ನಡೆಸಿ ನೋಡಿ, ಆದರೆ ಅದು ಗಣಕ ವಿಜ್ಞಾನ ವಿಭಾಗವಾಗದಿರಲಿ. ಅವರು ದೋಷಗಳನ್ನು ತಾವೇ ಸರಿಮಾಡಿಕೊಂಡು ಸುಮ್ಮನಾಗುತ್ತಾರೆ, ನಿಮಗೆ ಸುದ್ದಿ ತಲುಪುವುದಿಲ್ಲ. ಒಂದು ಸೆಮಿಸ್ಟರ್ ಹಳೆಯದೂ ಹೊಸದೂ ಜೊತೆಯಾಗಿ ಓಡಲಿ. ಹಳೆಯದನ್ನು ನಿಲ್ಲಿಸುವ ದಿನಾಂಕವನ್ನು ಹೊಸದು ಶುರುವಾಗುವ ದಿನವೇ ಪ್ರಕಟಿಸಿ. ಇಲ್ಲವಾದರೆ ಎರಡನ್ನೂ ಹತ್ತು ವರ್ಷ ಸಾಕಬೇಕಾಗುತ್ತದೆ.

ಚೀಟಿಯ ಯಂತ್ರದ ನಿಯಮಗಳನ್ನು ಹೊಸ ವ್ಯವಸ್ಥೆಯಲ್ಲಿ ಬರೆದ ಮೇಲೆ ಒಂದು ಫಲಿತಾಂಶದ ಸುತ್ತು ಎರಡನ್ನೂ ಓಡಿಸಿದೆವು. ಎರಡೂ ಕಡತಗಳನ್ನು ಮುದ್ರಿಸಿ, ಪರೀಕ್ಷಾ ವಿಭಾಗದ ಅಧೀಕ್ಷಕಿಯವರೂ ನಾನೂ ಅಡಿಪಟ್ಟಿ ಇಟ್ಟು ಸಾಲು ಸಾಲಾಗಿ ತಾಳೆ ನೋಡಿದೆವು. ಹನ್ನೊಂದು ವ್ಯತ್ಯಾಸ ಸಿಕ್ಕಿದವು. ಒಂಬತ್ತು ಅರ್ಕಾವತ್ತಿನವು. ಉಳಿದೆರಡರಲ್ಲಿ ತಪ್ಪಿದ್ದು ಹಳೆಯ ಯಂತ್ರವೇ. ಆ ಇಬ್ಬರಿಗೆ ತಿದ್ದಿದ ಪ್ರಮಾಣಪತ್ರ ಕಳಿಸಿದೆವು. ಮುಂದಿನ ಸುತ್ತಿನಲ್ಲಿ ವ್ಯತ್ಯಾಸವಿರಲಿಲ್ಲ. ಹಿರಿಯರನ್ನು ಮತ್ತೆ ಕರೆಸಿದೆವು. ಅವರೇ ಚೀಟಿ ಕಿತ್ತು, ಗುಂಡಿ ಒತ್ತಿದರು. ಯಂತ್ರದ ಡಿಸ್ಕನ್ನು ಬಿಚ್ಚಿ, ಲಕೋಟೆಗೆ ಹಾಕಿ, ಒಳಗಿನ ವಿವರ, ಇಟ್ಟವರ ಹೆಸರು ಮತ್ತು ಅಳಿಸಬೇಕಾದ ದಿನಾಂಕ ಬರೆದು ಬೀರುವಿನಲ್ಲಿಟ್ಟೆವು. ಆ ದಿನಾಂಕ ರಿಜಿಸ್ಟರಿನಲ್ಲೂ ಇದೆ, ಕೆಳಗೆ ಇಬ್ಬರ ಸಹಿಯೊಂದಿಗೆ.