‘ಕೆರಿ ಎಲ್ಲೈತ್ರಿ?’ ಅಂತ ಕೇಳುತ್ತಾ ನಾಲ್ಕು ದಿನ

ಒಬ್ಬಳೇ ಗಾಡಿ ಓಡಿಸಿಕೊಂಡು ಹುಬ್ಬಳ್ಳಿಯಿಂದ ಕಾಶ್ಮೀರಕ್ಕೆ ಹೋಗ್ತೀನಿ ಅಂತ ಹತ್ತು ವರ್ಷದಿಂದ ಎಲ್ಲರ ಮುಂದೆ ಹೇಳಿಕೊಂಡು ಬಂದವಳು ನಾನು. ಅದಕ್ಕೆಂದು ತಂದ ನಕಾಶೆ ಅಡಿಗೆಮನೆ ಗೋಡೆಯ ಮೇಲೆ ಒಗ್ಗರಣೆ ಹೊಗೆ ಕುಡಿದು ಹಳದಿಯಾಗಿದೆ. ಹೋದ ಡಿಸೆಂಬರಿನಲ್ಲಿ ಕೊನೆಗೂ ರಜೆ ಸಿಕ್ಕಿತು. ನಾಲ್ಕೇ ದಿನ. ನಾಲ್ಕು ದಿನಕ್ಕೆ ಕಾಶ್ಮೀರ ಆಗೋದಿಲ್ಲ ಅಲ್ವಾ? ಸ್ಕೂಟಿ ತೆಗೆದು ಗದಗ ರಸ್ತೆ ಹಿಡಿದೆ. ಗದಗ, ಲಕ್ಷ್ಮೇಶ್ವರ, ಸವಣೂರು, ಹಾವೇರಿ, ಅಲ್ಲಿಂದ ವಾಪಸ್ಸು. ಅಷ್ಟೇ ಪ್ಲಾನು.

ಅಣ್ಣಿಗೇರಿಯ ಮೇಲಿಂದ ಬಸ್ಸಿನಲ್ಲಿ ನೂರು ಸಲವಾದರೂ ಹೋಗಿದ್ದೇನೆ. ಇಳಿದದ್ದು ಇದೇ ಮೊದಲು. ಚಹಾ ಅಂಗಡಿಯಲ್ಲಿ ಕೇಳಿದೆ, ‘ನಿಮ್ಮೂರಾಗ ನೋಡೂವಂಥದ್ದು ಏನೈತ್ರಿ?’

‘ಏನೂ ಇಲ್ರಿ ಅಕ್ಕಾರ. ಹುಬ್ಬಳ್ಳಿಗೆ ಹೋಗ್ರಿ, ನೃಪತುಂಗ ಬೆಟ್ಟ ಐತಿ.’

ನಾನು ಬಂದದ್ದೇ ಅಲ್ಲಿಂದ. ಪಂಪ ಹುಟ್ಟಿದ ಊರು ಎಂದು ಹೆಸರಾದ ಊರಿನಲ್ಲಿ ನಿಂತು ಈ ಮಾತು ಕೇಳಿ ನಗು ಬಂತು. ಪಕ್ಕದ ಬೆಂಚಿನಲ್ಲಿ ಬೀಡಿ ಸೇದುತ್ತಿದ್ದ ಅಜ್ಜ ತಿದ್ದಿದರು. ‘ಹಂಗ ಕೇಳಬಾರದವಾ. ಹಳೀ ಗುಡಿ ಎಲ್ಲೈತಿ ಅಂತ ಕೇಳು. ಇಲ್ಲಾಂದ್ರ ಕೆರಿ ಎಲ್ಲೈತಿ ಅಂತ ಕೇಳು. ನೀರಿದ್ದಲ್ಲೇ ಮಂದಿ ಗುಡಿ ಕಟ್ಟ್ಯಾರ.’

ಅಜ್ಜ ಕೈ ತೋರಿಸಿದ ಕಡೆ ಹೋದೆ. ಅಮೃತೇಶ್ವರ ಗುಡಿ. ಕಲ್ಯಾಣ ಚಾಲುಕ್ಯರ ಕಾಲದ್ದು, ಹತ್ತಿರ ಹತ್ತಿರ ಸಾವಿರ ವರ್ಷ ಹಳೆಯದು. ತಿರುಗಣಿಯಲ್ಲಿ ಕಡೆದ ಹಾಗಿರುವ ಕಂಬಗಳ ಸಾಲು, ಒಳಗೆ ತಣ್ಣನೆ ಕತ್ತಲೆ, ಕಟ್ಟೆಯ ಮೇಲೆ ಇಬ್ಬರು ಹೆಂಗಸರು ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದರು. ಚಹಾ ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಅವನಿಗೆ ಅದು ‘ನೋಡುವಂಥದ್ದು’ ಅಲ್ಲ, ಸೋಮವಾರ ಕಾಯಿ ಒಡೆಸುವ ಗುಡಿ. ಪ್ರಶ್ನೆ ತಪ್ಪಾಗಿದ್ದು ನನ್ನದು.

ಅಲ್ಲಿಂದ ಮುಂದೆ ನಾಲ್ಕೂ ದಿನ ಕೆರೆಯನ್ನೇ ಕೇಳಿದೆ. ಕೆರೆ ಎಲ್ಲಿದೆ ಅಂದರೆ ‘ಇಲ್ರಿ’ ಅನ್ನುವವರು ಯಾರೂ ಇಲ್ಲ. ದಾರಿಯನ್ನೂ ಸರಿಯಾಗಿ ಹೇಳುತ್ತಾರೆ, ದಿನಾ ಎಮ್ಮೆ ಹೊಡೆದುಕೊಂಡು ಹೋಗುವ ದಾರಿ ಅದು. ಕೆರೆ ಏರಿಯ ಮೇಲೆ ನಿಂತರೆ ಒಂದು ವೀರಗಲ್ಲೋ, ಅರ್ಧ ಹೂತ ಶಾಸನವೋ, ಬೇವಿನ ಮರದ ಕೆಳಗಿನ ನಾಗಪ್ಪನೋ ಸಿಕ್ಕೇ ಸಿಗುತ್ತದೆ.

ಲಕ್ಕುಂಡಿಯಲ್ಲಂತೂ ನೀರು ಬೇರೆ, ಗುಡಿ ಬೇರೆ ಅಲ್ಲವೇ ಅಲ್ಲ. ನೂರೊಂದು ಗುಡಿ, ನೂರೊಂದು ಬಾವಿ ಅಂತ ಊರವರ ಮಾತು. ಗದಗಿನಿಂದ 12 ಕಿಲೋಮೀಟರ್, ಎಲ್ಲರೂ ಕಾಶಿ ವಿಶ್ವೇಶ್ವರ ಗುಡಿ ನೋಡಿ ಫೋಟೋ ಹೊಡೆದು ಹೋಗುತ್ತಾರೆ. ನಾನು ಜಾಸ್ತಿ ಹೊತ್ತು ಕೂತದ್ದು ಮಾಣಿಕೇಶ್ವರ ಗುಡಿಯ ಮುಂದಿನ ಮುಸುಕಿನ ಬಾವಿಯಲ್ಲಿ. ಮೂರು ಕಡೆಯಿಂದ ಮೆಟ್ಟಿಲು, ಮೆಟ್ಟಿಲ ನಡುವೆ ಪುಟ್ಟ ಪುಟ್ಟ ಗುಡಿಯಂಥ ಗೂಡುಗಳು. ಆಮೇಲೆ ಬಸದಿ. 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ್ದು. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದ ಹೆಂಗಸು. ಅವಳ ಬಸದಿಯ ಮುಂದೆ ನಿಂತಾಗ ಕಾವಲುಗಾರ ಕೇಳಿದ, ‘ಒಬ್ಬಾಕೇ ಬಂದೀರೇನ್ರೀ?’

ಈ ಪ್ರಶ್ನೆ ನಾಲ್ಕು ದಿನದಲ್ಲಿ ಎಷ್ಟು ಸಲ ಕೇಳಿದೆನೋ ಲೆಕ್ಕ ಇಲ್ಲ. ‘ಸುಮ್ನೆ ತಿರುಗಾಕ ಬಂದೀನ್ರಿ’ ಅಂದರೆ ಹುಬ್ಬು ಗಂಟಾಗುತ್ತದೆ. ‘ಗುಡಿ ನೋಡಾಕ ಬಂದೀನ್ರಿ’ ಅಂದರೆ ಚಹಾ ಬರುತ್ತದೆ. ಎರಡೂ ನಿಜವೇ. ನಾನು ಎರಡನೆಯದನ್ನೇ ಹೇಳುತ್ತಾ ಹೋದೆ.

ಉಳಿದ ಜಾಗ್ರತೆ ಸ್ವಲ್ಪವೇ. ಸಂಜೆ ಐದರೊಳಗೆ ತಾಲೂಕು ಊರು ಸೇರಿ ಬಸ್‌ಸ್ಟ್ಯಾಂಡಿನ ಹತ್ತಿರವೇ ರೂಮು ಹಿಡಿಯುತ್ತಿದ್ದೆ. ಊರು ದಾಟಿದಾಗಲೆಲ್ಲ ತಂಗಿಗೆ ಆ ಊರಿನ ಬೋರ್ಡಿನ ಫೋಟೋ. ಸ್ಕೂಟಿಯ ಟ್ಯಾಂಕು ಐದೇ ಲೀಟರ್, ಅರ್ಧ ಇಳಿದರೆ ಬಂಕು. ಹೆಂಗಸರಿಗೆ ಬಂಕಿನಿಂದ ಇನ್ನೊಂದು ಉಪಯೋಗ ಇದೆ, ಬಿಡಿಸಿ ಹೇಳಬೇಕಾಗಿಲ್ಲ.

ಎರಡನೇ ದಿನ ಡಂಬಳ. ಅಲ್ಲಿಯ ದೊಡ್ಡ ಬಸಪ್ಪನ ಗುಡಿಗೆ ನೇರ ಗೋಡೆಯೇ ಇಲ್ಲ ಅನ್ನಿಸುತ್ತದೆ. ಮೂಲೆಯ ಮೇಲೆ ಮೂಲೆ, ಸುತ್ತ ನಕ್ಷತ್ರದ ಹಾಗೆ 24 ಕೋನ. ಸುತ್ತು ಹಾಕುತ್ತಾ ಹೋದರೆ ನೆರಳು ಹೆಜ್ಜೆ ಹೆಜ್ಜೆಗೂ ಬೇರೆ. ಊರಿನ ಕೆರೆಯೂ ದೊಡ್ಡದು. 1095ರ ಇಲ್ಲಿಯ ಶಾಸನವೊಂದು ಬೌದ್ಧರ ತಾರಾದೇವಿಯ ವಿಷಯ ಹೇಳುತ್ತದೆ. ಬೌದ್ಧರು, ಅದೂ ನಮ್ಮ ಗದಗ ಸೀಮೆಯಲ್ಲಿ! ನನ್ನ ತಲೆಯಲ್ಲಿ ಈ ಎರಡೂ ಯಾವತ್ತೂ ಒಟ್ಟಿಗೆ ಬಂದಿರಲಿಲ್ಲ.

ಡಂಬಳ ಬಿಟ್ಟ ಮೇಲೆ ಕೆಟ್ಟ ಬುದ್ಧಿ ಬಂತು. ಬಲಕ್ಕೆ ಕಪ್ಪತಗುಡ್ಡ, ಗುಡ್ಡದ ಮೇಲೆ ಗಾಳಿಯಂತ್ರಗಳು, ಮನಸ್ಸು ಹಗುರ. ಫೋನಿನ ಮ್ಯಾಪು ಶಿರಹಟ್ಟಿ ಕಡೆಗೆ ಒಂದು ಒಳದಾರಿ ತೋರಿಸಿತು. ಯಾರನ್ನೂ ಕೇಳದೆ ತಿರುಗಿಸಿದೆ. ಹಿಂದಿನ ರಾತ್ರಿ ಮಳೆಯಾಗಿತ್ತು, ಎಲ್ಲೋ ಸಮುದ್ರದಲ್ಲಿ ಸೈಕ್ಲೋನ್ ಎದ್ದಿತ್ತಂತೆ. ದಾರಿ ಎರೆ ಹೊಲದ, ಅಂದರೆ ಕಪ್ಪು ಮಣ್ಣಿನ ಹೊಲದ ನಡುವೆ. ನೂರು ಮಾರು ಹೋಗುವುದರೊಳಗೆ ಎರೆಮಣ್ಣು ಮಡ್‌ಗಾರ್ಡಿಗೆ ಮೆತ್ತಿಕೊಂಡು ಮುಂದಿನ ಗಾಲಿ ತಿರುಗುವುದೇ ನಿಂತಿತು. ಇಳಿದೆ. ಚಪ್ಪಲಿ ಒಂದೊಂದು ಎರಡೆರಡು ಕಿಲೋ ಆಯಿತು. ಗಾಡಿ ಮುಂದೂ ಇಲ್ಲ, ಹಿಂದೂ ಇಲ್ಲ.

ಕಡಲೆ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಗಂಡ ಹೆಂಡತಿ ನೋಡಿ ಬಂದರು. ಆಕೆ ಕಳೆ ತೆಗೆಯುವ ಕುರ್ಚಿಗಿಯ ತುದಿಯಿಂದ ಗಾಲಿಯ ಸಂದಿಯ ಮಣ್ಣು ಕೆರೆದು ಕೆರೆದು ತೆಗೆದಳು. ಆತ ಬೈದ, ಪ್ರೀತಿಯಿಂದಲೇ. ‘ಎರಿ ಹೊಲದಾಗ ಮಳಿ ಆದ್ರ ಎತ್ತಿನ ಬಂಡೀನೂ ಇಳಿಸಂಗಿಲ್ರಿ ಅಕ್ಕಾರ. ಫೋನಿಗೇನು ಗೊತ್ತ?’ ಮೂವರೂ ಸೇರಿ ಗಾಡಿಯನ್ನು ಡಾಂಬರಿಗೆ ತಂದೆವು. ಆಮೇಲೆ ಬದುವಿನ ಮೇಲೆ ಕೂಡಿಸಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಬದನೇಕಾಯಿ ಪಲ್ಯ ಕೊಟ್ಟರು. ಒಂದು ಸುತ್ತು ಮಳೆ ಬಿದ್ದಿದ್ದರೆ ಎರೆದಾರಿ ಹಿಡಿಯುವ ಮೊದಲು ಎರಡು ದಿನ ಬಿಸಿಲು ಕಾಯಬೇಕಂತೆ. ಇದನ್ನು ನಾನು ಹುಟ್ಟಿ ಬೆಳೆದ ಜಾಗದಿಂದ ಐವತ್ತರವತ್ತು ಮೈಲಿಯ ಒಳಗೆ, ನಲವತ್ತೊಂದನೇ ವಯಸ್ಸಿನಲ್ಲಿ ಕಲಿತೆ.

ಮಾಗಡಿ ಕೆರೆಯ ಸುದ್ದಿ ಸಿಕ್ಕಿದ್ದೂ ಆ ಬದುವಿನ ಮೇಲೆಯೇ. ಆಕೆಯ ತವರು ಆ ಕಡೆ. ‘ಕೆರಿ ನೋಡಾಕಿ ಅಂತೀರಿ, ನಮ್ಮ ಮಾಗಡಿ ಕೆರಿ ನೋಡಿಲ್ಲ? ಹೊರದೇಶದ ಹಕ್ಕಿ ಬರ್ತಾವು. ನಮ್ಮಣ್ಣನ ಹೊಲಾ ಮೇದು ಹೋಗ್ತಾವು, ಹಾಳಾದವು.’

ಶಿರಹಟ್ಟಿ ದಾಟಿ ಕೆರೆ ಮುಟ್ಟಿದಾಗ ನಾಲ್ಕೂವರೆ. ಕಂಡದ್ದು ಪಟ್ಟೆತಲೆ ಹೆಬ್ಬಾತು. ಬಿಳಿ ತಲೆ, ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ಹಾರಿ ದಾಟಿ ಬರುವ ಹಕ್ಕಿ. 2024ರಲ್ಲಿ ಈ ಕೆರೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ನೆಲಗಳ ಪಟ್ಟಿಗೆ ಸೇರಿದೆ. ನೀರಿನ ಮೇಲೆ ಸಾವಿರಗಟ್ಟಲೆ, ಗಲಗಲ ಅಂತ ಒಂದೇ ಸಮನೆ ಸದ್ದು. ಹೊತ್ತು ಇಳಿಯುತ್ತಿದ್ದ ಹಾಗೆ ಒಂದು ಗುಂಪು ಎದ್ದು ತಲೆಯ ಮೇಲಿಂದಲೇ ಹೊಲಗಳ ಕಡೆ ಹೋಯಿತು. ಅಣ್ಣನ ಹೊಲಕ್ಕೇ ಇರಬೇಕು. ಐದು ಗಂಟೆಯ ನನ್ನ ನಿಯಮ ಅವತ್ತು ಮುರಿಯಿತು. ಲಕ್ಷ್ಮೇಶ್ವರಕ್ಕೆ ಕತ್ತಲಲ್ಲೇ ಹೋದೆ.

ಲಕ್ಷ್ಮೇಶ್ವರ ಅಂದರೆ ಹಳೆಯ ಪುಲಿಗೆರೆ. ತಿರುಳ್ಗನ್ನಡದ ನಾಡು ಯಾವುದು ಅಂತ ಕವಿರಾಜಮಾರ್ಗ ಎಣಿಸುವ ಊರುಗಳಲ್ಲಿ ಇದೂ ಒಂದು. ಹೆಸರಿನಲ್ಲೇ ಕೆರೆ! ಬೆಳಗ್ಗೆ ಸೋಮೇಶ್ವರ ಗುಡಿಗೆ ಹೋಗಿ ಬಂದೆ. ತಿರುಳ್ಗನ್ನಡದ ಊರಿನ ಇಡ್ಲಿ ಮಾತ್ರ ಕಲ್ಲಿನ ಹಾಗಿತ್ತು.

ಸವಣೂರಿನಲ್ಲಿ ಖಾರ ಕಟ್ಟಿಸಿಕೊಂಡು ಮಠದ ದೊಡ್ಡ ಹುಣಸೆ ಮರ ನೋಡಿದೆ. ಅದು ಹುಣಸೆಯೇ ಅಲ್ಲ, ಆಫ್ರಿಕಾ ಮೂಲದ ಬಾವೊಬಾಬ್. ಅಲ್ಲಿಯ ಮೂರು ಮರಗಳಲ್ಲಿ ಒಂದು 2023ರ ಮಳೆಗೆ ಉರುಳಿತ್ತು, ಎತ್ತಿ ಮತ್ತೆ ನೆಟ್ಟಿದ್ದಾರೆ. ಬಂಕಾಪುರದ ಕೋಟೆಯಲ್ಲಿ ನವಿಲು ಕೂಗಿದ್ದು ಕೇಳಿಸಿತು, ಕಂಡದ್ದು ಒಂದೆರಡರ ಬಾಲ. ಅಲ್ಲಿಯ ನಗರೇಶ್ವರ ಗುಡಿಗೆ ಅರವತ್ತು ಕಂಬದ ಗುಡಿ ಅಂತ ಹೆಸರು. ಎರಡು ಸಲ ಎಣಿಸಿದೆ, ಎರಡು ಸಲವೂ ಅರವತ್ತು ದಾಟಿತು.

ಕೊನೆಯ ದಿನ ಹಾವೇರಿಯಿಂದ ಗಳಗನಾಥಕ್ಕೆ ಹೋದೆ. ವಾಪಸ್ಸು ಬಂದು ಹೈವೇ ಹಿಡಿದು ಸಂಜೆಯೊಳಗೆ ಹುಬ್ಬಳ್ಳಿ ಸೇರಬೇಕು. ಅಷ್ಟು ಹೊತ್ತಿಗೆ ನಾಲಿಗೆಗೆ ರೂಢಿಯಾಗಿಬಿಟ್ಟಿತ್ತು. ಊರ ಬಾಗಿಲಲ್ಲೇ ಕಟ್ಟಿಗೆ ಹೊರೆ ಹೊತ್ತು ಬರುತ್ತಿದ್ದ ಅಜ್ಜಿಯನ್ನು ನಿಲ್ಲಿಸಿ ಕೇಳಿದೆ, ‘ಅಮ್ಮಾ, ಕೆರಿ ಎಲ್ಲೈತ್ರಿ?’

ಆಕೆ ಹೊರೆ ಇಳಿಸಲಿಲ್ಲ. ಗುಡಿಯ ಹಿಂದೆ ವರದಾ ಬಂದು ತುಂಗಭದ್ರೆಗೆ ಸೇರುವ ಕಡೆ ಗದ್ದ ಎತ್ತಿ ತೋರಿಸಿದಳು.

‘ಎರಡು ಹೊಳಿ ಐತಿ. ಕೆರಿ ತಗೊಂಡು ಏನ್ ಮಾಡ್ತಿ?’