512 ಚುಕ್ಕಿ, ಗಾಲ್ವೇ ಮಳೆ, ಒಂದಿಷ್ಟು ಮರದ ಹೊಟ್ಟು: ಜೋ ಕ್ಯಾನಿಂಗ್‌ಗೆ ಹಾಕಿದ ರಂಗೋಲಿ

ಐದು ದಿನ ನಿಂತಿತು. ಅದರಲ್ಲಿ ಮೂರು ದಿನ ಮಳೆ. ಐರ್ಲೆಂಡಿನ ಪಶ್ಚಿಮ ಕರಾವಳಿಯ ಗಾಲ್ವೇಯಲ್ಲಿ, ಬಯಲಿನಲ್ಲಿ ಹಾಕಿದ ರಂಗೋಲಿ ಐದು ದಿನ ನಿಲ್ಲುತ್ತದೆ ಅಂದರೆ ನಮ್ಮ ಮೈಸೂರಿನ ರಂಗೋಲಿ ಗೆಳತಿಯರು ಯಾರೂ ನಂಬಿರಲಿಲ್ಲ. ಮರದ ಹೊಟ್ಟಿನಲ್ಲಿ ಹಾಕಿದರೆ ಅದು ರಂಗೋಲಿಯೇ ಅಲ್ಲ ಅಂತಲೂ ಒಬ್ಬಳು ಹೇಳಿದಳು. ಈಗ ಅವಳೇ ಅಳತೆ ಕೇಳುತ್ತಿದ್ದಾಳೆ, ಹಾಗಾಗಿ ಬರೆದೇಬಿಡುತ್ತೇನೆ.

2021ರ ಜುಲೈ ಕೊನೆಯಲ್ಲಿ ಹರ್ಲಿಂಗ್ ಆಟಗಾರ ಜೋ ಕ್ಯಾನಿಂಗ್ ಗಾಲ್ವೇ ತಂಡಕ್ಕೆ ವಿದಾಯ ಹೇಳಿದರು. ಆಗ ಅವರಿಗೆ 32 ವರ್ಷ. ಹರ್ಲಿಂಗ್ ಅಂದರೆ ಆ್ಯಶ್ ಮರದ ಕೋಲಿನಿಂದ ಪುಟ್ಟ ಚೆಂಡು ಹೊಡೆಯುವ ಐರಿಷ್ ಆಟ, ತಂಡಕ್ಕೆ 15 ಜನ. ಚೆಂಡು ಗೋಲ್ ಕಂಬಗಳ ನಡುವೆ ಅಡ್ಡಪಟ್ಟಿಯ ಕೆಳಗೆ ಹೋದರೆ ಗೋಲು, ಮೇಲೆ ಹಾದರೆ ಒಂದು ಪಾಯಿಂಟ್. ನನ್ನ ಮಗಳು ಇದರ ಹೆಣ್ಣುಮಕ್ಕಳ ಆಟ ಕಮೋಗಿ ಆಡುತ್ತಾಳೆ. 2017ರಲ್ಲಿ ಟಿಪ್ಪರರಿ ಮೇಲಿನ ಸೆಮಿಫೈನಲ್‌ನ ಕೊನೆಯ ಕ್ಷಣದಲ್ಲಿ ಅಂಚಿನ ಗೆರೆಯ ಹತ್ತಿರದಿಂದ ಅವರು ಹೊಡೆದ ಪಾಯಿಂಟ್ ನೋಡಿ ನಮ್ಮ ಇಡೀ ಬಡಾವಣೆ ಬೀದಿಗೆ ಬಂದಿತ್ತು. ಆ ವರ್ಷ ಗಾಲ್ವೇ ಆಲ್-ಐರ್ಲೆಂಡ್ ಕಪ್ ಗೆದ್ದಿದ್ದು 29 ವರ್ಷಗಳ ನಂತರ. ಅಂಥವರ ಕೊನೆಯ ಪಂದ್ಯ ವಾಟರ್‌ಫರ್ಡ್ ಎದುರು ಸೋಲು, ಅದೂ ಕೋವಿಡ್ ನಿರ್ಬಂಧದಲ್ಲಿ, ಬಹುಪಾಲು ಖಾಲಿ ಸ್ಟೇಡಿಯಂನಲ್ಲಿ. ತುಂಬಿದ ಸ್ಟೇಡಿಯಂ ಎದ್ದು ನಿಂತು ಚಪ್ಪಾಳೆ ತಟ್ಟುವ ಅವಕಾಶ ಸಿಗಲಿಲ್ಲ. ಅದು ನನಗೆ ತುಂಬಾ ಬೇಸರ ಮಾಡಿತು.

ಬೀದಿಯವರೆಲ್ಲ ಬ್ಯಾನರ್ ಕಟ್ಟೋಣ, ಮುಖ ಬರೆಸೋಣ ಅಂದರು. ನಾನು ಚುಕ್ಕಿ ರಂಗೋಲಿ ಅಂದೆ. ಯಾಕೆಂದರೆ ಅವರು ಚಾಂಪಿಯನ್‌ಶಿಪ್‌ನಲ್ಲಿ ಒಟ್ಟು ಗಳಿಸಿದ್ದು 27 ಗೋಲು, 485 ಪಾಯಿಂಟ್. ಗೋಲಿಗೆ ಮೂರರಂತೆ ಲೆಕ್ಕ ಹಾಕಿದರೆ 566. ಆಗ ಅದೇ ದಾಖಲೆ (ಆಮೇಲೆ ಟಿ.ಜೆ. ರೀಡ್, ಪ್ಯಾಟ್ರಿಕ್ ಹೋರ್ಗನ್ ಅದನ್ನು ದಾಟಿದರು). ಆದರೆ ನನಗೆ ಕಂಡಿದ್ದು ಬೇರೆ. 27ಕ್ಕೆ 485 ಸೇರಿಸಿದರೆ 512. 32 ಚುಕ್ಕಿ, 16 ಸಾಲು! ಇದು ಹೊಳೆದ ರಾತ್ರಿ ನಾನು ನಿದ್ದೆ ಮಾಡಲಿಲ್ಲ.

ಮೊದಲು ಊರಿಂದ ತಂದಿದ್ದ ರಂಗೋಲಿ ಪುಡಿಯನ್ನೇ ಹಾಕಿ ನೋಡಿದೆ. ಎರಡು ಕೆಜಿ, ಇಪ್ಪತ್ತು ನಿಮಿಷದಲ್ಲಿ ಗಾಳಿಪಾಲು. ಅಟ್ಲಾಂಟಿಕ್ ಗಾಳಿ ಅಂದರೆ ನಮ್ಮೂರಿನ ಆಷಾಢದ ಗಾಳಿಯಲ್ಲ. ಆಮೇಲೆ ಬಣ್ಣ ಹಾಕಿದ ಕಲ್ಲುಪ್ಪು. ಗಾಳಿಗೆ ಜಗ್ಗಲಿಲ್ಲ, ಆದರೆ ರಾತ್ರಿ ಮಳೆ ಬಂದು ಬೆಳಿಗ್ಗೆ ಬರೀ ಗುಲಾಬಿ ನೀರು, ಪಕ್ಕದ ಹುಲ್ಲೂ ಸುಟ್ಟುಹೋಯಿತು. ಅದಕ್ಕೆ ಸುಮಾರು 25 ಯೂರೋ ಹೋಯಿತು.

ಹೊಟ್ಟಿನ ಯೋಚನೆ ಬಂದಿದ್ದು ಮಗಳ ಕೋಲು ರಿಪೇರಿಗೆ ಕೊಟ್ಟಾಗ. ಹರ್ಲಿ ಕೋಲನ್ನು ಆ್ಯಶ್ ಮರದ ಬುಡದಿಂದ, ಬೇರು ತಿರುಗುವ ಜಾಗದಿಂದ ಕೊಯ್ಯುತ್ತಾರೆ, ಹಾಗಾದರೇ ಕೋಲಿನ ತುದಿಯ ಬಾಗಿಗೆ ಮರದ ಎಳೆಯೂ ಬಾಗುತ್ತದೆ. ಕೋಲು ಮಾಡುವವರ ಶೆಡ್‌ನಲ್ಲಿ ಹೊಟ್ಟು ಮೊಣಕಾಲುದ್ದ ಬಿದ್ದಿತ್ತು. ಕೇಳಿದೆ, ನಾಲ್ಕು ಮೂಟೆ ಪುಕ್ಕಟೆ ಕೊಟ್ಟರು. ಕ್ಯಾನಿಂಗ್‌ಗೆ ಆ್ಯಶ್ ಮರದ್ದೇ ರಂಗೋಲಿ, ಇದಕ್ಕಿಂತ ಇನ್ನೇನು ಬೇಕು ಅಲ್ವಾ? ಒಂದು ಮಾತು: ಗರಗಸದ ಹೊಟ್ಟೇ ಬೇಕು. ಉಜ್ಜುವ ಮೆಷಿನ್ನಿನ ನುಣ್ಣನೆ ಪುಡಿ ಒದ್ದೆಯಾದರೆ ಸಗಣಿಯಂತಾಗುತ್ತದೆ. ನಾನು ರವೆ ಜರಡಿಯಲ್ಲಿ ಜರಡಿ ಹಿಡಿದು, ಮೇಲೆ ಉಳಿದದ್ದನ್ನು ಮಾತ್ರ ಇಟ್ಟುಕೊಂಡೆ.

ಗಾಲ್ವೇ ತಂಡದ ಬಣ್ಣ ಮರೂನ್ ಮತ್ತು ಬಿಳಿ. ಮೊದಲ ಸಲ ಅಡುಗೆ ಬಣ್ಣ ಹಾಕಿದೆ. ಪೂರಾ ಸೋರಿ ಬಿಳಿಯೆಲ್ಲ ಕೆಂಪಾಯಿತು, ಇನ್ನೊಂದು 30 ಯೂರೋ ಹೋಯಿತು. ಮನೆಯಲ್ಲಿ ಸಾಕು ಬಿಡು ಅಂದರು. ಬಿಡಲಿಲ್ಲ. ಹತ್ತಿ ಬಟ್ಟೆಗೆ ಹಾಕುವ ತಣ್ಣೀರಿನ ಬಣ್ಣ ತಂದು ವಾಷಿಂಗ್ ಸೋಡಾ ಜೊತೆ ಒಂದು ರಾತ್ರಿ ನೆನೆಸಿದೆ. ಹತ್ತಿಯನ್ನು ಹಿಡಿಯುವ ಬಣ್ಣ ಮರವನ್ನೂ ಹಿಡಿಯುತ್ತದೆ. ನೀರು ತಿಳಿಯಾಗುವವರೆಗೆ ತೊಳೆಯಬೇಕು, ನನಗೆ ಐದಾರು ಸಲ ಬೇಕಾಯಿತು, ಇಲ್ಲಿ ಸೋಮಾರಿತನ ಮಾಡಿದರೆ ಎಲ್ಲ ಹಾಳು. ಒದ್ದೆಯಲ್ಲೂ ಒಣಗಿದಾಗಲೂ ಅದೇ ಮರೂನ್ ಕಾಣಬೇಕೆಂದರೆ ಕೆಂಪಿಗೆ ಏನನ್ನು ಎಷ್ಟು ಬೆರೆಸಬೇಕು ಅನ್ನೋದು ನನ್ನ ಹತ್ತಿರವೇ ಇರಲಿ. ಅಂಟಿಗೆ ಬಳಸಿದ್ದು ಅಡುಗೆಮನೆಯ ಪದಾರ್ಥವೇ, ಅಷ್ಟು ಹೇಳಬಲ್ಲೆ.

ನಡುವೆ ಸುಮ್ನೆ ಅರಿಶಿನದಲ್ಲೂ ಒಂದು ಬುಟ್ಟಿ ಹೊಟ್ಟು ಅದ್ದಿ ನೋಡಿದೆ, ಮುಂದೆ ಯಾವತ್ತಾದರೂ ಕಿಲ್ಕೆನಿ ತಂಡದ ಕಪ್ಪು ಹಳದಿಗೆ ಆಗುತ್ತದೆ ಅಂತ. ಎರಡೇ ದಿನದ ಬಿಸಿಲಿಗೆ ಬಿಳಚಿಕೊಂಡಿತು. ಹಳದಿಗೂ ಬಟ್ಟೆ ಬಣ್ಣವೇ ಸರಿ.

ಬಿಳಿಯೇ ದೊಡ್ಡ ತಲೆನೋವು. ಆ್ಯಶ್ ಹೊಟ್ಟು ಒಣಗಿದಾಗ ಬಿಳಿ, ನೆನೆದರೆ ಕಂದು. ಗಾಲ್ವೇಯಲ್ಲಿ ಆಯ್ಸ್ಟರ್ ಚಿಪ್ಪಿಗೇನು ಕೊರತೆ? ಒಂದು ಹೋಟೆಲಿನವರು ಎರಡು ಬಕೆಟ್ ಕೊಟ್ಟರು. ಕುದಿಸಿ, ಒಣಗಿಸಿ, ಗೋಣಿಯಲ್ಲಿ ಹಾಕಿ ಸುತ್ತಿಗೆಯಿಂದ ಕುಟ್ಟಿದೆವು. ವಾಸನೆ ಜಾಸ್ತಿ, ಆದರೆ ನೆನೆದ ಡಾಂಬರಿನ ಮೇಲೆ ಅಷ್ಟು ಬೆಳ್ಳಗೆ ಹೊಳೆಯುವ ಪುಡಿಯನ್ನು ನಾನು ಇನ್ನೂ ನೋಡಿಲ್ಲ. ಮರೂನ್ ಮಾತ್ರ ಡಾಂಬರಿನ ಮೇಲೆ ಕಾಣುವುದೇ ಇಲ್ಲ. ಅದಕ್ಕೆ ಕೆಳಗೆ ಚಿಪ್ಪಿನ ಪುಡಿಯ ಬಿಲ್ಲೆ ಹಾಕಿ, ಅದರ ಮೇಲೆ ಮರೂನ್ ಒತ್ತಿದೆ.

ಕೊನೆಗೆ ಹಾಕಿದ್ದು ಆಗಸ್ಟ್‌ನ ಒಂದು ಶನಿವಾರ, ಬಡಾವಣೆಯ ಕಾರ್ ನಿಲ್ಲಿಸುವ ಜಾಗದಲ್ಲಿ. ಚುಕ್ಕಿಯಿಂದ ಚುಕ್ಕಿಗೆ 8 ಇಂಚು, ಹೆಚ್ಚು ಕಡಿಮೆ 21 ಅಡಿ ಉದ್ದ, 10 ಅಡಿ ಅಗಲ. ಪೈಪಿನ ತುಂಡಿನಿಂದ 485 ಬಿಳಿ ಚುಕ್ಕಿ. 27 ಗೋಲುಗಳಿಗೆ ಮರೂನಿನ ದೊಡ್ಡ ಚುಕ್ಕಿ, ಅವು ಸೇರಿ ಗೋಲ್ ಕಂಬವಾಗುವಂತೆ: ಎರಡು ಕಂಬಕ್ಕೆ ಹನ್ನೊಂದರಂತೆ, ನಡುವಿನ ಅಡ್ಡಪಟ್ಟಿಗೆ ಐದು. ಮೂಲೆಯಿಂದ ಎದ್ದು ಅಡ್ಡಪಟ್ಟಿಯ ಮೇಲೆ ಹಾದುಹೋಗುವ ಒಂದೇ ಬಾಗು ಗೆರೆ, ಅದು ಅವರ ಸೈಡ್‌ಲೈನ್ ಕಟ್. ನೆಲದಲ್ಲಿ ಬಿದ್ದಿರುವ ಚೆಂಡನ್ನು ಅಂಚಿನ ಗೆರೆಯಿಂದ ಕೋಲಿನಲ್ಲಿ ಕತ್ತರಿಸಿದಂತೆ ಎತ್ತುವ ಆ ಹೊಡೆತದಲ್ಲಿ ಅವರಷ್ಟು ನಿಪುಣರನ್ನು ನಾನು ಕಂಡಿಲ್ಲ.

ಏಳು ಗಂಟೆ ಹಿಡಿಯಿತು. ಮಕ್ಕಳು ತಮ್ಮ ಕೋಲುಗಳನ್ನು ಸುತ್ತ ಅಂಚಿನಂತೆ ಜೋಡಿಸಿದರು. ಯಾರೋ 2017ರ ಜರ್ಸಿ ತಂದಿಟ್ಟರು. ಹಾಳಾದದ್ದೂ ಸೇರಿ ಒಟ್ಟು ಖರ್ಚು 150 ಯೂರೋ ಆಸುಪಾಸು, ಆಗಿನ ಲೆಕ್ಕದಲ್ಲಿ ಹದಿಮೂರು ಸಾವಿರ ರೂಪಾಯಿ.

ಮುಗಿಯಿತು ಅಂದುಕೊಂಡಾಗ ಪಕ್ಕದ ಮನೆಯ ಅಜ್ಜ ಬಂದರು. ಬ್ಯಾನರೇ ಆಗಬೇಕು ಅಂತ ಮೊದಲು ಹಟ ಹಿಡಿದಿದ್ದವರು ಅವರೇ. ಕೋಲೂರಿಕೊಂಡು ಸಾಲು ಸಾಲಾಗಿ ಎಣಿಸಿದರು. 511. ಕೊನೆಯ ಸಾಲಿನ ತುದಿಯಲ್ಲಿ ಒಂದು ಬಿಟ್ಟುಹೋಗಿತ್ತು. "ಇದು ಹೆನ್ರಿ ಶೆಫ್ಲಿನ್‌ದು, ನಮ್ಮ ಜೋದಲ್ಲ" ಅಂದರು. ನಿಜ, ಕಿಲ್ಕೆನಿಯ ಶೆಫ್ಲಿನ್ ಗಳಿಕೆ 27 ಗೋಲು, 484 ಪಾಯಿಂಟ್. ಕ್ಯಾನಿಂಗ್ ಅದನ್ನು ದಾಟಿದ್ದು ಆ ಕೊನೆಯ ಪಂದ್ಯದಲ್ಲೇ. ಪೈಪಿನ ತುಂಡನ್ನು ಅವರ ಕೈಗೆ ಕೊಟ್ಟೆ. ಮಂಡಿಯೂರಲು ಆಗುವುದಿಲ್ಲ ಅಂತ ನನ್ನ ಮಗಳ ಭುಜ ಹಿಡಿದು ಬಗ್ಗಿ, ಚಿಪ್ಪಿನ ಪುಡಿ ಸುರಿದು, ಅಂಗೈಯಿಂದ ಮೆತ್ತಗೆ ಒತ್ತಿದರು. ಅಷ್ಟರಲ್ಲಿ ಹನಿ ಶುರುವಾಗಿತ್ತು. ಯಾರೂ ಒಳಗೆ ಹೋಗಲಿಲ್ಲ.